ಎಳನೀರಲ್ಲಿ ಅದ್ದಿದ ಹತ್ತಿ

ಅವ್ವ,

ನೀನು ತೀರಿಕೊಂಡ ವಾರ್ಡಿನಲ್ಲೇ ಈಗ ನನ್ನ ಸಂಶೋಧನೆ. ಸಾಯುವವರನ್ನು ನರ್ಸುಗಳು ಹೇಗೆ ನೋಡಿಕೊಳ್ಳುತ್ತಾರೆಂದು ಮೂಲೆಯಲ್ಲಿ ಕೂತು ಬರೆದುಕೊಳ್ಳಬೇಕು. ನಡುವೆ ಬಾಯಿ ಹಾಕುವಂತಿಲ್ಲ.

ಇವತ್ತು ಕಂದಿಕೆರೆಯ ಈರಣ್ಣಜ್ಜ, "ಒಂದ್ ಗುಟುಕು ಎಳ್ನೀರು ಕೊಡವ್ವಾ" ಎಂದು ನರ್ಸನ್ನು ಕೇಳಿದರು. ಬಾಯಿಗೆ ಏನೂ ಹಾಕಬಾರದೆಂದು ಡಾಕ್ಟರು ಬರೆದಿದ್ದರು. ಆದರೂ ಇಂಥವರ ತುಟಿಗೆ ರಹಮತುನ್ನೀಸಾ ಸಿಸ್ಟರ್ ಎಳನೀರಲ್ಲಿ ಅದ್ದಿದ ಹತ್ತಿ ಒತ್ತುತ್ತಾರೆಂದು ವಾರ್ಡಿಗೆಲ್ಲ ಗೊತ್ತು. ಇವತ್ತೂ ಅದ್ದಿದರು. ನನ್ನ ನೋಟ್‌ಬುಕ್ ಕಡೆ ನೋಡಿ ಹಾಗೇ ಕೆಳಗಿಟ್ಟರು.

ನಾನು "ಕೊಡಿ" ಅನ್ನಲಿಲ್ಲ. ತಲೆ ತಗ್ಗಿಸಿ, "ನಿಯಮ ಪಾಲಿಸಲಾಗಿದೆ" ಎಂದು ಬರೆದೆ. ಅಜ್ಜ ಒಣ ತುಟಿಯಲ್ಲೇ ಹೋದರು.

ಆಮೇಲೆ ಸಿಸ್ಟರ್ ಹೇಳಿದರು: "ನಿಮ್ಮವ್ವಂಗೆ ಕೊಟ್ಟಿದ್ದೆ ಕಣ್ರೀ. ಅವತ್ತು ಪಕ್ಕದಲ್ಲಿ ಯಾರೂ ಇರ್ಲಿಲ್ವಲ್ಲ."