ಎರಡು ಗುಳಿಗೆಗಳ ನಡುವೆ ಹದಿನಾಲ್ಕು ದಿನ

೨-೯-೧೯೭೪, ಸೋಮವಾರ. ಚಿತ್ತಾಪುರ

ಬೆಳಿಗ್ಗೆ ಹೈದರಾಬಾದಿನಲ್ಲಿ ಬರೆಸಿಕೊಂಡ ಗುಳಿಗೆ ನುಂಗಿದೆ. ಶುರು ಮಾಡಿ ಐದು ತಿಂಗಳಾಯಿತು. ಮನಸ್ಸಿನ ಕಾಯಿಲೆಗೆಂದು ಅಣ್ಣ ವಾಸುದೇವನಿಗೆ ಮಾತ್ರ ಗೊತ್ತು. ಗಂಡನಾದ ಇವರಿಗೇ ಹೇಳಿಲ್ಲ. ಆದರೂ ಪಾಠ ಮಾಡುವಾಗ ಅಳು ಬರುತ್ತದೆ...

ಶನಿವಾರ ಇವರೇ ಗುಲಬರ್ಗಾದ ಡಾಕ್ಟರಿಗೆ ತೋರಿಸಿದರು. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರ್ ಕೇಳಿದರು. ಇವರು ಪಕ್ಕದಲ್ಲೇ ಕುಳಿತಿದ್ದರು. ಇಲ್ಲ ಎಂದೆ. ಇಮಿಪ್ರಮಿನ್ ಎಂಬ ಹೊಸ ಗುಳಿಗೆ ಬರೆದುಕೊಟ್ಟರು.

ಸಂಜೆ ಹಾಜಿಸಾಬರ ಮೆಡಿಕಲ್ ಶಾಪ್. ಅವರದೂ ಅದೇ ಪ್ರಶ್ನೆ. ಸುತ್ತ ಜನ. ಮತ್ತೆ ಸುಳ್ಳು. ಎರಡೂ ತೆಗೆದುಕೊಂಡರೆ ಬೇಗ ಗುಣವಾದೀತು ಎಂದುಕೊಂಡೆ.

೩-೯, ಬೆಳಿಗ್ಗೆ ೭

ಎರಡೂ ಅಂಗೈಯಲ್ಲಿವೆ. ಬಾಯಿಗೆ ಹಾಕಲು ಕೈ ಬರುತ್ತಿಲ್ಲ. ಇಬ್ಬರೂ ಅದನ್ನೇ ಏಕೆ ಕೇಳಿದರು?

ಮಧ್ಯಾಹ್ನ ೧

ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಎರಡೂ ಪೊಟ್ಟಣ ಹಾಜಿಸಾಬರ ಮುಂದಿಟ್ಟೆ. ಗಿರಾಕಿಗಳಿದ್ದರು. ಇರಲಿ ಎಂದುಕೊಂಡೆ.

"ಮನಸ್ಸಿನ ಬ್ಯಾನಿಗಿ ಐದು ತಿಂಗಳಿಂದ ಇದನ್ನ ತಗೊಳ್ಳಾಕತ್ತೀನ್ರಿ. ನಿನ್ನಿ ಸುಳ್ಳು ಹೇಳಿದೆ."

ಹಳೆಯ ಗುಳಿಗೆಯ ಹೆಸರು ಓದಿದರು. ಮುಖ ಬಿಳುಚಿತು.

"ಎರಡೂ ಕೂಡಿ ತಗೊಂಡೀರೇನ್ರಿ, ಟೀಚರ್ ಬಾಯಿ?"

ಇಲ್ಲ ಎಂದೆ. ಎರಡೂ ಪೊಟ್ಟಣಗಳನ್ನು ದೂರ ದೂರ ಸರಿಸಿಟ್ಟರು.

"ಇವು ಕೂಡಿದ್ರ ಮೈ ಕಾದು ಫಿಟ್ಸ್ ಬರ್ತಾವ. ಜೀವಾನೂ ಹೋಗಬಹುದು."

ಅಂಗಡಿ ಬಿಟ್ಟು ನನ್ನ ಜೊತೆ ಪೋಸ್ಟ್ ಆಫೀಸಿಗೆ ಬಂದರು. ಅಲ್ಲಿಂದ ಗುಲಬರ್ಗಾದ ಡಾಕ್ಟರಿಗೆ ಟ್ರಂಕ್ ಕಾಲ್, ಫೋನಿನಲ್ಲೇ ಮಾತು. ಹಳೆಯದು ಇಂದೇ ನಿಲ್ಲಿಸಿ, ಹದಿನಾಲ್ಕು ದಿನ ಮೈಯಿಂದ ಇಳಿಯಲಿ, ಆಮೇಲೆ ಹೊಸದು — ಡಾಕ್ಟರ್ ಹೇಳಿದ್ದು ಇಷ್ಟು. ಬಯ್ಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದರು.

ಸಂಜೆ ೬

ಇವರಿಗೂ ಹೇಳಿದೆ. ಎಲ್ಲ.

"ನನಗ್ಯಾಕ ಹೇಳಲಿಲ್ಲ, ಭಾಮಾ?"

ಹೆದರಿದ್ದೆ ಎಂದೆ. ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಹದಿನೇಳನೇ ತಾರೀಖಿಗೆ ಗುರುತು ಹಾಕಿದರು.

೧೧-೯

ಬರೆಯಲಾಗಿರಲಿಲ್ಲ. ಯಾವ ಗುಳಿಗೆಯೂ ಇಲ್ಲ. ಏಳುವುದೇ ಕಷ್ಟ. ಜಡೆ ಇವರೇ ಹೆಣೆಯುತ್ತಾರೆ, ಸೊಟ್ಟಪಟ್ಟ. ಹಾಗೆಯೇ ಶಾಲೆಗೆ ಹೋಗುತ್ತೇನೆ. ಆ ಅರ್ಧ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಬರೆದಿಡಬೇಕೆನಿಸಿತು.

೧೭-೯

ಹೊಸ ಗುಳಿಗೆ. ಒಂದೇ.

೧೨-೧೦, ಶನಿವಾರ. ಮಧ್ಯಾಹ್ನ

ಈ ವಾರ ಎರಡು ಸಲ ನಕ್ಕೆನಂತೆ. ಇವರು ಎಣಿಸಿದ್ದಾರೆ!

ನಿನ್ನೆ ಸ್ಟಾಫ್ ರೂಮಿನಲ್ಲಿ ಮಹಾದೇವಮ್ಮ ಟೀಚರ್ ಪಿಸುಗುಟ್ಟಿದರು. ಶಹಾಬಾದಿನಲ್ಲಿರುವ ಅವರ ತಂಗಿ ಮಾತೇ ಬಿಟ್ಟಿದ್ದಾಳೆ, ಏನೋ ಗುಳಿಗೆ ನುಂಗುತ್ತಾಳೆ, ನನ್ನ ಗುಳಿಗೆಯೂ ಎರಡು ಅವಳಿಗೆ ಕೊಡಬಹುದೇ ಎಂದು. ನಾನು ಪಿಸುಗುಟ್ಟಲಿಲ್ಲ. ಎಲ್ಲರೂ ಕೇಳುವಂತೆ ಹೇಳಿದೆ:

"ನನ್ನವು ಕೊಡಂಗಿಲ್ರಿ. ಅಕಿ ತಗೊಳ್ಳೋವೆಲ್ಲ ಚೀಲದಾಗ ಹಾಕ್ಕೋರಿ. ಡಾಕ್ಟರ್ ಕಡಿ ನಾನೇ ಬರ್ತೀನಿ."

ನನಗೇ ಹೆಮ್ಮೆಯಾಯಿತು. ಶಹಾಬಾದಿನ ಬಸ್ಸು ಎರಡಕ್ಕೆ. ಮಹಾದೇವಮ್ಮ ಹೊರಗಿನಿಂದ ಕೂಗುತ್ತಿದ್ದಾರೆ, ಸೀರೆ ಇನ್ನೂ ಉಟ್ಟಿಲ್ಲ—