ಬಾಯಿ ಕಟ್ಟಿದ ಗಂಟೆ

ಬುಧವಾರ, ಊಟವಾದ ಮೇಲೆ

ನನ್ನ ಗಯ್ಯಾಳಿ ಮಗಳಿಗೆ,

ನಿನ್ನೆ ಒಂದು ಮಾತು ಹೇಳಲು ಹೊರಟಿದ್ದೆ, ನೀನು ಫೋನು ಕುಕ್ಕಿಬಿಟ್ಟೆ. "ಸುಮ್ಮನಿರೋದು ನಿನ್ನ ಕಸುಬು ಅಪ್ಪ, ನಂದಲ್ಲ" ಅಂದೆಯಲ್ಲ, ಅದು ನಿನ್ನೆಯಿಂದ ಕಿವಿಯಲ್ಲಿ ಕೊರೆಯುತ್ತಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು 'ಸೈಲೆನ್ಸ್ ಈಸ್ ಗೋಲ್ಡನ್' ಎಂದು ಬೋರ್ಡಿನ ಮೇಲೆ ಬರೆದು ಪ್ರಬಂಧ ಬರೆಸಿದ್ದರು. ಮೊದಲ ಸಾಲು ಮರೆತಿದೆ, ಹತ್ತಕ್ಕೆ ಎಂಟು ಬಂದದ್ದು ನೆನಪಿದೆ. ಆ ಎಂಟಕ್ಕೆ ಬೆಂಕಿ ಬೀಳಲಿ.

ಹೋದ ತಿಂಗಳು ನಿನ್ನ ಪಂಕ್ ಬ್ಯಾಂಡಿನ ಹಾಡು ಕೇಳಲು ಬಂದಿದ್ದೆ, ನಿನಗೆ ಗೊತ್ತಿಲ್ಲ. ಆ ಹಳೇ ಗ್ಯಾರೇಜಿನ ಹಿಂದಿನ ಗೋಡೆಗೊರಗಿ, ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದೆ. ಹುಡುಗ ಹುಡುಗಿಯರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜಗಳವೆಂದುಕೊಂಡು ಬಿಡಿಸಲು ಹೋದೆ. ಟಿಕೆಟ್ ಹರಿಯುವ ಹುಡುಗಿ ತಡೆದು, "ಅಂಕಲ್, ಅದು ಡ್ಯಾನ್ಸು. ಹತ್ತಿ ತೆಗೀರಿ, ಅವಳು ಅಷ್ಟು ಕಿರುಚ್ತಿರೋದು ಯಾರಿಗೆ ಮತ್ತೆ?" ಅಂದಳು. ತೆಗೆದೆ. ಗಿಟಾರಿನಲ್ಲಿ ಮೂರೇ ಸ್ವರ, ಅದೂ ತಂತಿ ಕಿತ್ತುಬರುವ ಹಾಗೆ. ಮೇಲೆ ನಿನ್ನ ಗಂಟಲು: "ಗಂಟೆ ಹೊಡೀಲಿಲ್ಲ, ಅಮ್ಮ ಕಿವುಡಿಯಲ್ಲ." ಗ್ಯಾರೇಜಿಗೆ ಗ್ಯಾರೇಜೇ ನಿನ್ನ ಜೊತೆ ಕೂಗಿತು. ಅಳುವುದೆಂದರೆ ಮೂಲೆಯಲ್ಲಿ ಕೂತು ಮೂಗೊರೆಸುವುದು ಎಂದು ತಿಳಿದಿದ್ದವನು ನಾನು. ಹೀಗೂ ಅಳಬಹುದೆಂದು ಅವತ್ತು ಗೊತ್ತಾಯಿತು.

ಈಗ ಆ ಹಾಡು ಸುಳ್ಳೆಂದು ಕಂಪನಿಯವರು ಕೋರ್ಟಿಗೆ ಹೋಗಿದ್ದಾರೆ. ಶುಕ್ರವಾರ ನೀನು ಸಾಕ್ಷಿ ತರಬೇಕು, ಇಲ್ಲವೇ ಕ್ಷಮೆ ಕೇಳಿ ಬಾಯಿ ಮುಚ್ಚಬೇಕು. ನಿಮ್ಮಮ್ಮ ಇಪ್ಪತ್ತೊಂದು ವರ್ಷ ಅವರ ಕೋಲ್ಡ್ ಸ್ಟೋರೇಜಿನಲ್ಲಿ ಬೆರಳು ಮರಗಟ್ಟಿಸಿಕೊಂಡು ಬಟಾಣಿ ಪ್ಯಾಕ್ ಮಾಡಿದಳು. ತಂಪು ಮಾಡುವ ಅಮೋನಿಯಾ ಅನಿಲ ಸೋರಿ ಒಳಕೋಣೆಯಲ್ಲಿ ಒಬ್ಬಳೇ ಸತ್ತಳು. ಅವರ ವರದಿ ಏನು? ಅಪಾಯದ ಗಂಟೆ ಹೊಡೆದಿತ್ತು, ಕೆಲಸಗಾರ್ತಿ ಲಕ್ಷ್ಯ ಕೊಡಲಿಲ್ಲ. ಸತ್ತವಳು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ, ಆ ಧೈರ್ಯ.

ಸಾಕ್ಷಿ ಇದ್ದಾನೆ. ಅಲ್ಲಿನ ಎಲೆಕ್ಟ್ರಿಷಿಯನ್, ಅಂದರೆ ನಿಮ್ಮಪ್ಪ. ಅನಿಲ ಹಿಡಿಯುವ ಸೆನ್ಸರ್ ಕೆಟ್ಟಿತ್ತು. ನೆಲ ತೊಳೆಯಲು ಬಿಸಿನೀರು ಸುರಿದರೂ ಗಂಟೆ ಬಡಿದುಕೊಳ್ಳುತ್ತಿತ್ತು, ದಿನಕ್ಕೆ ಹತ್ತು ಸಲ. ಬದಲಿಸಿ ಎಂದು ಮೂರು ಸಲ ಬರೆದುಕೊಟ್ಟೆ, 'ಕೈಂಡ್ಲಿ ಡು ದ ನೀಡ್‌ಫುಲ್' ಎಂದು ಇಂಗ್ಲಿಷಿನಲ್ಲೇ. ಆಫೀಸಿನ ಕೋಣೆಗೆ ವರ್ಷ ವರ್ಷ ಬಣ್ಣ ಹೊಡೆಸುವವರಿಗೆ ಅಂಗೈಯಗಲದ ಸೆನ್ಸರ್ ತರಿಸಲು ಪುರಸೊತ್ತಿರಲಿಲ್ಲ. ಸೂಪರ್‌ವೈಸರ್ "ಅದರ ಬಾಯಿ ಮುಚ್ಚಿಸಯ್ಯಾ, ಕೆಲಸ ಕೆಡ್ತಿದೆ" ಅಂದ. ಏಣಿ ಹತ್ತಿ, ಗಂಟೆಗೂ ಅದನ್ನು ಬಡಿಯುವ ಸುತ್ತಿಗೆಗೂ ನಡುವೆ ಹಳೇ ಟವಲ್ ತುರುಕಿದೆ. ಅನಿಲ ಸೋರಿದ ದಿನ ಗಂಟೆಗೆ ಕರೆಂಟು ಹರಿದದ್ದು ಯಂತ್ರದಲ್ಲಿ ದಾಖಲಾಗಿದೆ; ಸದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಇನ್‌ಸ್ಪೆಕ್ಟರ್ ಬರುವ ಮೊದಲು ಟವಲ್ ಕಿತ್ತವನೂ ನಾನೇ. "ತೆಗೀದಿದ್ರೆ ನಿನ್ನ ತಲೆಗೇ ಬರುತ್ತೆ ನೋಡು" ಅಂದವನು ಅದೇ ಸೂಪರ್‌ವೈಸರ್. ಹೆಂಡತಿ ಹೊರಗೆ ಸ್ಟ್ರೆಚರಿನ ಮೇಲಿದ್ದಳು, ನಾನು ಏಣಿಯ ಮೇಲಿದ್ದೆ.

ಉಗಿ, ಉಗಿಸಿಕೊಳ್ಳುತ್ತೇನೆ. ಆದರೆ ನನ್ನನ್ನು ಉಗಿಯುವ ಭರದಲ್ಲಿ ಅವರನ್ನು ಬಿಟ್ಟುಬಿಡಬೇಡ. ಕ್ಷಮೆ ಕೇಳಬೇಡ. ಶುಕ್ರವಾರ ನಾನೇ ಕಟಕಟೆಯಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಜೈಲಿಗೆ ಹಾಕಿದರೆ ಹಾಕಲಿ.

ಇನ್ನೂ ಒಂದು ಮಾತಿದೆ, ಬರೆಯಲು ಕೈ ಬರುತ್ತಿಲ್ಲ. ಕಿಟಕಿಯಲ್ಲಿ ಬೆಳಕೂ ಇಳಿಯುತ್ತಿದೆ, ಸಾಲು ಸೊಟ್ಟಗಾಗುತ್ತಿದೆ. ನಿಲ್ಲಿಸುತ್ತೇನೆ.

ಇಷ್ಟು ದಿನ ಸುಮ್ಮನಿದ್ದ,
ನಿನ್ನ ಅಪ್ಪ

ತಾ.ಕ.: ದೀಪ ಹಾಕಿಕೊಂಡೆ. ಗಂಟೆಯ ಬಾಯಿ ಮುಚ್ಚಿಸು ಎಂದು ಸೂಪರ್‌ವೈಸರಿಗಿಂತ ಮೊದಲು ಕೇಳಿಕೊಂಡವಳು ನಿಮ್ಮಮ್ಮ. "ರೀ, ಆ ಗಂಟೆ ತಲೆ ತಿಂದುಹಾಕ್ತಿದೆ, ಏನಾದ್ರೂ ಮಾಡ್ರೀ" ಅಂದಿದ್ದಳು. ಇದನ್ನೂ ಕೋರ್ಟಿನಲ್ಲಿ ಹೇಳುತ್ತೇನೆ. ಕಂಪನಿಯ ವಕೀಲ ಹಿಗ್ಗಿದರೆ ಹಿಗ್ಗಲಿ. ಕೆಟ್ಟ ಗಂಟೆಯ ಕೆಳಗೆ ದಿನವಿಡೀ ನಿಂತವಳಿಗೆ ತಲೆನೋವು ಬಂದದ್ದು ಯಾವ ಅಪರಾಧ, ಅವನೇ ಎಲ್ಲರೆದುರು ಬಾಯಿಬಿಟ್ಟು ಹೇಳಲಿ.