ತಪ್ಪು ಪ್ರೆಸ್ಸಿಗೆ ಬಿದ್ದ ಕೆಂಪು ಚೀಟಿ

ಮಾನ್ಯ ಪಟ್ಟಣ ಯೋಜನಾಧಿಕಾರಿಗಳೇ,

ತಾವು ನನ್ನ ಗ್ಯಾರೇಜಿನ ಬಾಗಿಲಿಗೆ ಅಂಟಿಸಿ ಹೋದ ಕೆಂಪು ಚೀಟಿಯನ್ನು ಬಿಸಿನೀರು, ಸೋಪು, ಅಡುಗೆ ಎಣ್ಣೆ ಎಲ್ಲ ಹಾಕಿ ಉಜ್ಜಿದ್ದೇನೆ. ಬಾಗಿಲಿನ ಬಣ್ಣ ಕಿತ್ತು ಬಂತು, ಚೀಟಿ ಬರಲಿಲ್ಲ. ಈ ಪಟ್ಟಣದ ಆಡಳಿತದಲ್ಲಿ ಮಾತಿಗೆ ಗಟ್ಟಿಯಾಗಿ ನಿಲ್ಲುವುದು ಅಂಟು ಒಂದೇ ಎಂದು ಈಗ ನನಗೆ ಖಾತ್ರಿಯಾಗಿದೆ. ‘ವಸತಿ ಪ್ರದೇಶದಲ್ಲಿ ಅನುಮತಿಯಿಲ್ಲದೆ ಪ್ರೆಸ್ ನಡೆಸುತ್ತಿರುವುದು ಕಂಡುಬಂದಿದೆ’ ಎಂದು ಅದರಲ್ಲಿ ಅಪ್ಪಣೆಯಾಗಿದೆ. ಕಂಡವರು ಯಾರು ಸ್ವಾಮಿ? ಪಕ್ಕದಲ್ಲೇ ಕಿಟಕಿ ಇತ್ತು. ಒಮ್ಮೆ ಇಣುಕಿದ್ದರೆ ತಮ್ಮ ಅರ್ಧ ದಿನವೂ ನನ್ನ ಬಾಗಿಲೂ ಉಳಿಯುತ್ತಿದ್ದವು. ಇರಲಿ, ನನ್ನ ದೂರು ಬಾಗಿಲಿನದಲ್ಲ. ನಮ್ಮ ಜಲ್ಲಿ ಗುಂಡಿಯನ್ನು ತಾವು ಯಾರಿಗೂ ತಿಳಿಯದಂತೆ ಕೊಟ್ಟುಬಿಡಲು ಹೊರಟಿದ್ದೀರಿ, ದೂರು ಅದರದು. ಅದು ನನಗೆ ಗೊತ್ತಾದದ್ದು ತಮ್ಮ ಚೀಟಿಯ ದೆಸೆಯಿಂದಲೇ. ಆದ್ದರಿಂದ ಮೊದಲು ಚೀಟಿಯ ಕತೆ.

ಚೆಂಡು ಉರುಳಿಸಿ ಮರದ ಪಿನ್ನು ಕೆಡವುವ ಬೌಲಿಂಗ್ ಮನೆ ಮುಚ್ಚಿದ ಮೇಲೆ ಈ ಊರಿನವರು ಒಂದೆಡೆ ಸೇರುವ ಜಾಗವೆಂದರೆ ಹಳೆಯ ಜಲ್ಲಿ ಗುಂಡಿ. ಆ ಬೌಲಿಂಗ್ ಮನೆಯಲ್ಲಿ ಅರ್ಧ ಆಯುಷ್ಯ ಊರಿನವರ ಕಾಲಿಗೆ ಆಟದ ಬಾಡಿಗೆ ಬೂಟು ಹುಡುಕಿ ಕೊಟ್ಟು, ಆಲೂಗಡ್ಡೆ ಕರಿದು, ಪಿನ್ನುಗಳ ಧೂಳು ಒರೆಸಿದವಳು ನಾನು. ಮುಚ್ಚುವ ದಿನ ಮಾಲೀಕರು ಪಿನ್ನುಗಳನ್ನೆಲ್ಲ ನಮಗೇ ಬಿಟ್ಟು ಹೋದರು. ಈಗ ಪ್ರತಿ ಶನಿವಾರ ಅವುಗಳನ್ನು ಗುಂಡಿಯ ಕಬ್ಬಿಣದ ಮೇಜಿನ ಮೇಲೆ ಐದೈದಾಗಿ ನಿಲ್ಲಿಸಿ ಪಿಸ್ತೂಲಿನಿಂದ ಹೊಡೆದು ಕೆಡವುತ್ತೇವೆ. ಮೊದಲು ಮೇಜು ಖಾಲಿ ಮಾಡಿದವರು ಗೆದ್ದಂತೆ. ಸೋತವರು ಮುಂದಿನ ಶನಿವಾರ ಎಲ್ಲರಿಗೂ ಚಿಲಿ, ಅಂದರೆ ಎಲ್ಕ್ ಜಿಂಕೆ ಮಾಂಸದ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ರೋಲು ಮಾಡಿ ತರಬೇಕು. ಮೊಂಟಾನಾದ ಚಳಿಯಲ್ಲಿ ಆ ಚಿಲಿಯ ಪಾತ್ರೆಯ ಸುತ್ತ ನಿಂತು ಜಗಳ ಬಿಟ್ಟವರಿದ್ದಾರೆ, ಮದುವೆ ನಿಶ್ಚಯ ಮಾಡಿಕೊಂಡವರಿದ್ದಾರೆ. ತಾವೊಬ್ಬರೇ ಬಂದಿಲ್ಲ.

ಪಿನ್ನು ಅಲ್ಲಾಡಿದರೆ ಸಾಲದು, ಮೇಜಿನಿಂದ ಕೆಳಗೆ ಬೀಳಬೇಕು. ಅದಕ್ಕೆ ತೂಕದ ಗುಂಡು ಬೇಕು. ಅಂಗಡಿಯಲ್ಲಿ ಅಂಥ ತೋಟೆಯ ಬೆಲೆ ಕೇಳಿದರೆ ನಾವೇ ಮೇಜಿನಿಂದ ಬೀಳುತ್ತೇವೆ. ಹೊಡೆದಾದ ಮೇಲೆ ಹಿತ್ತಾಳೆಯ ಖಾಲಿ ತೋಟೆಗಳನ್ನು ಆರಿಸಿಕೊಂಡು, ಮನೆಯಲ್ಲಿ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿದರೆ ಖರ್ಚು ಅರ್ಧಕ್ಕಿಳಿಯುತ್ತದೆ. ಅದಕ್ಕೆ ಬೇಕಾದದ್ದು ಹಿಡಿ ಎಳೆದು ಒತ್ತುವ ಒಂದು ಯಂತ್ರ. ಆ ಯಂತ್ರಕ್ಕೆ ಜಗತ್ತಿಗೇ ಗೊತ್ತಿರುವ ಹೆಸರು ಪ್ರೆಸ್. ಜಗತ್ತು ಎನ್ನುವಾಗ ತಮ್ಮ ಕಚೇರಿಯನ್ನು ಸೇರಿಸಿಲ್ಲ.

ಹೆಂಗಸರ ಮೇಜಿನಲ್ಲಿ ನನ್ನ ಜೊತೆಗಾತಿ ವೆರ್ನಾ ಕೋಸ್ಟ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಬ್ಬರೂ ಸೇರಿ ಪ್ರೆಸ್ ಕೊಳ್ಳೋಣವೆಂದು ಹಾಯ್ಟ್‌ನ ಅಂಗಡಿಗೆ ಹೋದೆವು. ದನದ ಮೇವಿನಿಂದ ಬಂದೂಕಿನವರೆಗೆ ಎಲ್ಲ ಮಾರುವ ಹಾಯ್ಟ್ ಮೂರು ಪ್ರೆಸ್ ತೋರಿಸಿದ. ಒಂದು, ಹಿಡಿಯನ್ನು ಒಮ್ಮೆ ಎಳೆದರೆ ಒಂದು ತೋಟೆ ತಯಾರಾಗಿ ಬುಟ್ಟಿಗೆ ಬೀಳುವಂಥದ್ದು. ಇನ್ನೊಂದು, ತಲೆಯ ಮೇಲೆ ನಾಲ್ಕು ಅಚ್ಚು ಇಟ್ಟುಕೊಂಡು ತಿರುಗುವಂಥದ್ದು. ಎಳೆದು, ತಿರುಗಿಸಿ, ಮತ್ತೆ ಎಳೆಯಬೇಕು. ಮೂರನೆಯದಕ್ಕೆ ಒಮ್ಮೆಗೆ ಒಂದೇ ಅಚ್ಚು. ಬುಟ್ಟಿಯಲ್ಲಿರುವ ತೋಟೆಗಳಿಗೆಲ್ಲ ಒಂದು ಕೆಲಸ ಮುಗಿಸಿ, ಅಚ್ಚು ಬಿಚ್ಚಿ ಬದಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ವೆರ್ನಾಳ ಕಣ್ಣು ಮೊದಲನೆಯದರ ಮೇಲೆ. “ನಮ್ಮ ವಯಸ್ಸಿಗೆ ಎಳೆಯೋದು ಕಮ್ಮಿ ಇದ್ದಷ್ಟೂ ಒಳ್ಳೇದು ಕಣೇ ಅರ್ಲಿಸ್,” ಅಂದಳು.

“ಅದು ಕೆಲಸಾನೂ ಬೇಗ ಮಾಡುತ್ತೆ, ತಪ್ಪೂ ಬೇಗ ಮಾಡುತ್ತೆ,” ಎಂದ ಹಾಯ್ಟ್. “ಮದ್ದು ಒಂದ್ರಲ್ಲಿ ಎರಡು ಸಲ ಬಿತ್ತು ಅಂತಿಟ್ಕೊ. ನೀನು ಹಾಡು ಕೇಳ್ತಾ ಎಳೀತಾ ಇರ್ತೀಯ, ನಿಂಗೆ ಗೊತ್ತಾಗೋದು ಪಿಸ್ತೂಲು ಸಿಡಿದಾಗಲೇ.”

“ಹಂಗಾದ್ರೆ ಆ ಒಂದೇ ಅಚ್ಚಿಂದು?”

“ಒಳ್ಳೆ ಪ್ರೆಸ್ಸು. ಬೇಟೆ ಕೋವಿಯವರು ವರ್ಷಕ್ಕೆ ಒಂದು ಪೆಟ್ಟಿಗೆ ತುಂಬ್ಕೋತಾರೆ, ಅವ್ರಿಗೆ ಸರಿ. ನೀವಿಬ್ರೂ ಒಂದು ಶನಿವಾರಕ್ಕೆ ಎಷ್ಟು ಹಾಳು ಮಾಡ್ತೀರಿ ಅಂತ ನಾನು ನೋಡಿಲ್ವಾ? ಪಿನ್ನಿಗಿಂತ ಹಿಂದಿನ ಗುಡ್ಡಕ್ಕೇ ಜಾಸ್ತಿ ಏಟು ಬಿದ್ದಿದೆ.”

ಅವಮಾನ ನುಂಗಿಕೊಂಡು ಯೋಚಿಸಿದೆ. ಪ್ರೆಸ್ ಅಗ್ಗವಿದ್ದರೂ ಅದರ ನೆಂಟರು ದುಬಾರಿ: ಅಚ್ಚುಗಳು, ತೋಟೆ ಹಿಡಿಯುವ ಬಿಲ್ಲೆ, ಮದ್ದಿನ ತಕ್ಕಡಿ. ಮೊದಲನೆಯದು ಆ ನೆಂಟರೆಲ್ಲ ತನ್ನ ಕುಲದವರೇ, ಅಂದರೆ ತನ್ನ ಕಂಪನಿಯವರೇ ಆಗಬೇಕೆಂದು ಹಟ ಹಿಡಿಯುತ್ತದೆ. ತಿರುಗುವ ತಲೆಯದು ಯಾರ ಅಚ್ಚು ಕೊಟ್ಟರೂ ಹಾಕಿಕೊಳ್ಳುತ್ತದೆ, ಪ್ರತಿ ತೋಟೆಯೊಳಗೂ ಕಣ್ಣಿಟ್ಟು ನೋಡಲು ಪುರುಸೊತ್ತು ಕೊಡುತ್ತದೆ, ನಮ್ಮ ಭುಜಗಳನ್ನೂ ಪೂರ್ತಿ ಕೊಲ್ಲುವುದಿಲ್ಲ. ಎರಕದ ಕಬ್ಬಿಣದ್ದಾದರೆ ನಮಗಿಂತ ಹೆಚ್ಚು ಬಾಳುತ್ತದೆ, ಹಳೆಯದಾದರೂ ಅಡ್ಡಿಯಿಲ್ಲ. ಹಾಗಾಗಿ ಹಾಯ್ಟ್‌ನ ಅಂಗಡಿಯ ಹಲಗೆಯ ಮೇಲೆ ಒಂದು ಚೀಟಿ ಚುಚ್ಚಿದೆ: ‘ಕಡಿಮೆ ಬೆಲೆಯ ಪ್ರೆಸ್ ಬೇಕಾಗಿದೆ. ಹಳೆಯದಾದರೂ ಸರಿ, ಅಚ್ಚು ಸಮೇತ ಇದ್ದರೆ ಒಳ್ಳೆಯದು. ವಾರಕ್ಕೊಮ್ಮೆ, ಶನಿವಾರಕ್ಕೆ ಸಿದ್ಧವಾಗಬೇಕು.’

ಇದರಲ್ಲಿ ತಮಗೆ ವಾರಪತ್ರಿಕೆ ಕಂಡಿತು. ಪರವಾಗಿಲ್ಲ, ಇನ್ನೊಬ್ಬರಿಗೂ ಕಂಡಿತು. ನಮ್ಮ ಊರಿನ ವಾರಪತ್ರಿಕೆಯನ್ನು ಕೊನೆಯವರೆಗೂ ನಡೆಸಿದ ಸಂಪಾದಕರ ತಂಗಿ ಇನೆಜ್ ಪ್ರೌಟಿ ಎರಡನೆಯ ದಿನವೇ ನನ್ನ ಮನೆಗೆ ಪಿಕಪ್ ಗಾಡಿ ತಂದು ನಿಲ್ಲಿಸಿದರು. ಹಿಂದೆ ಕಂಬಳಿ ಹೊದಿಸಿಟ್ಟಿದ್ದು ಕೈಯಿಂದ ಒತ್ತುವ ಪುಟ್ಟ ಮುದ್ರಣ ಯಂತ್ರ ಮತ್ತು ಪೆಟ್ಟಿಗೆಗಟ್ಟಲೆ ಅಚ್ಚುಮೊಳೆ.

“ಯಾರಾದ್ರೂ ಮತ್ತೆ ಪತ್ರಿಕೆ ಶುರು ಮಾಡ್ತಾರೆ ಅಂತ ಕಾಯ್ತಿದ್ದೆ. ಅದು ನೀವಾಗ್ತೀರಿ ಅಂತ ಅಂದ್ಕೊಂಡಿರಲಿಲ್ಲ. ಬೂಟು ಕೊಡೋ ಅರ್ಲಿಸ್ ಅಲ್ವಾ ನೀವು?” ಅಂದರು.

ನಾನು ವಿಷಯ ಹೇಳಿದಾಗ ಆಕೆಯ ಮುಖ ಬಾಡಿದ್ದನ್ನು ನೋಡಲಾಗಲಿಲ್ಲ. ರೂಬಾರ್ಬ್ ದಂಟು ತುಂಬಿ ಬೇಯಿಸಿದ ಒಂದು ಸಿಹಿ ಪೈ ಕೈಗೆ ಕೊಟ್ಟು ಕಳಿಸಿದೆ. ಮರುವಾರ ಹಾಯ್ಟ್ ತನ್ನ ಸೋದರನ ಕೊಟ್ಟಿಗೆಯಿಂದ ತಿರುಗುವ ತಲೆಯ ಹಳೆಯ ಪ್ರೆಸ್ ತಂದುಕೊಟ್ಟ. ಹಿಡಿಯ ತುದಿಯ ಉಂಡೆ ಕಳೆದುಹೋಗಿತ್ತು, ಅದರ ಜಾಗಕ್ಕೆ ಬಾಗಿಲಿನ ಹಿತ್ತಾಳೆ ಗುಬುಟು ಸಿಕ್ಕಿಸಿದ್ದರು. ನಮಗೆ ಅದರ ಮೇಲೆ ಕೂಡಲೇ ಪ್ರೀತಿ ಹುಟ್ಟಿತು. ಅದರ ಹಿಂದೆಯೇ ತಮ್ಮ ಕೆಂಪು ಚೀಟಿ ಬಂತು. ನಾನು ತಮ್ಮ ಕಚೇರಿಗೆ ಬಂದೆ. ಅಲ್ಲಿ ನಡೆದ ವಿಚಾರಣೆ ತಮಗೆ ಮರೆತಿರಬಹುದು, ನನಗೆ ಸಾಯುವವರೆಗೂ ಮರೆಯದು.

“ವಾರಕ್ಕೆ ಎಷ್ಟು ತೆಗೀತೀರಿ ಮೇಡಂ?” ಎಂದು ಕೇಳಿದಿರಿ.

“ಇನ್ನೂರರ ಮೇಲೆ. ವೆರ್ನಾ ಇದ್ರೆ ಇನ್ನೂ ಜಾಸ್ತಿ.”

“ಹಂಚೋದು ಎಲ್ಲಿ?”

“ಜಲ್ಲಿ ಗುಂಡಿಯಲ್ಲಿ. ಸಂಜೆ ಹೊತ್ತಿಗೆ ಎಲ್ಲಾ ಖರ್ಚಾಗಿಬಿಡುತ್ತೆ.”

“ಯಾರ ವಿರುದ್ಧ ಇರುತ್ತೆ?”

“ಹೆಚ್ಚಾಗಿ ಹಾಯ್ಟ್ ವಿರುದ್ಧ. ಅವನ ಬಾಯಿ ಮುಚ್ಚಿಸಬೇಕು ಅಂತಲೇ ಇದೆಲ್ಲಾ ಶುರು ಮಾಡಿದ್ದು.”

ತಾವು ಅದನ್ನೂ ಬರೆದುಕೊಂಡಿರಿ. ಆಗ ನನಗೆ ಅನುಮಾನ ಬಂದು, ಕೈಚೀಲದಿಂದ ಒಂದು ಖಾಲಿ ತೋಟೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ತಾವು ಅದನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಆಮೇಲೆ ಕುರ್ಚಿಗೆ ಒರಗಿ ನಕ್ಕಿರಿ.

“ತೋಟೆ ತುಂಬೋ ಪ್ರೆಸ್ಸಾ? ಮೊದಲೇ ಹೇಳಬಾರದಿತ್ತಾ ಮೇಡಂ. ನಿಮ್ಮ ಬಳಕೆಗೆ ತಾನೆ, ಅದಕ್ಕೆ ನಮ್ಮದೇನೂ ತಕರಾರಿಲ್ಲ. ನಮ್ಮಪ್ಪನ ಹತ್ರಾನೂ ಒಂದಿತ್ತು. ನಾನು ಕಾಗದದ್ದು ಅಂದ್ಕೊಂಡು ಗಾಬರಿಯಾಗಿದ್ದೆ.”

ಆ ಮಾತನ್ನು ಇನ್ನೊಮ್ಮೆ ತಾವೇ ಓದಿಕೊಳ್ಳಬೇಕೆಂದು ಪ್ರಾರ್ಥನೆ. ಗ್ಯಾರೇಜಿನಲ್ಲಿ ಕೂತು ಮದ್ದು ಅಳೆಯುವ ಇಬ್ಬರು ಹೆಂಗಸರಿಂದ ತಮಗೆ ಭಯವಿಲ್ಲ. ಅದೇ ಹೆಂಗಸರು ಒಂದು ಹಾಳೆ ಕಾಗದ ಒತ್ತಿದರೆ ಗಾಬರಿ. ನನಗೇನೂ ಬೇಸರವಿಲ್ಲ, ತೋಟೆಯ ವಿಷಯದಲ್ಲಿ ತಾವು ಹೇಳಿದ್ದು ಸರಿಯಾಗಿಯೇ ಇದೆ. ಗಾಬರಿಗೆ ಏನು ಕಾರಣವೆಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಕೇಳದೆಯೇ ಉತ್ತರ ಬಂತು.

“ಹೇಗೂ ಇನ್ನೆಷ್ಟು ದಿನ, ತುಂಬ್ಕೊಳ್ಳಿ,” ಅಂದಿರಿ. “ಮುಂದಿನ ತಿಂಗಳ ಸಭೆ ಮುಗಿದ್ರೆ ಆ ಗುಂಡಿಗೆ ಬೇಲಿ ಬೀಳುತ್ತಲ್ಲ. ಜನರ ಹೆಚ್ಚಿನ ಸಾಮಾನು ಇಡೋ ಬಾಡಿಗೆ ಗೋದಾಮಿನವರಿಗೆ ಕೊಡ್ತಿದ್ದೀವಿ.”

“ಯಾವ ಸಭೆ? ನಮಗೆ ಯಾರಿಗೂ ಗೊತ್ತಿಲ್ವಲ್ಲ.”

“ಪ್ರಕಟಣೆ ಕೊಟ್ಟಿದ್ದೀವಿ ಮೇಡಂ. ನಿಯಮ ಇದೆ, ಊರಿನ ಪತ್ರಿಕೆಯಲ್ಲೇ ಕೊಡಬೇಕು.”

“ಪತ್ರಿಕೆ ಮುಚ್ಚಿ ಎರಡು ಚಳಿಗಾಲ ಆಯ್ತು.”

“ಅದಕ್ಕೇ ಅದರ ಕಚೇರಿ ಬಾಗಿಲಿಗೆ ಅಂಟಿಸಿದ್ದೀವಿ.”

ಹೋಗಿ ನೋಡಿದೆ. ಬೀಗ ಹಾಕಿದ ಬಾಗಿಲು, ಮುಂದೆ ಮೊಣಕಾಲೆತ್ತರ ಕಳೆ, ಬಿಸಿಲಿಗೆ ಅಕ್ಷರ ಮಾಸಿದ ಕಾಗದ. ಅಂಟು ಮಾತ್ರ ಭದ್ರವಾಗಿತ್ತು. ಸಭೆ ಮಂಗಳವಾರ ಬೆಳಿಗ್ಗೆ, ದುಡಿಯುವವರೆಲ್ಲ ಕೆಲಸದಲ್ಲಿರುವ ಹೊತ್ತು. ಸತ್ತ ಪತ್ರಿಕೆಯ ಬಾಗಿಲಿಗೆ ಅಂಟಿಸಿದರೆ ಓದುವವರು ಯಾರು? ತಮಗೆ ಬೇಕಾದದ್ದೂ ಅದೇ ಅಲ್ಲವೇ? ಜನರ ಮನೆಯಲ್ಲಿ ಹಿಡಿಸದ ಸಾಮಾನಿಗೆ ಊರಿನಲ್ಲಿ ಜಾಗ ಇದೆ. ಶನಿವಾರ ಒಬ್ಬರ ಮುಖ ಒಬ್ಬರು ನೋಡಿ ಚಿಲಿ ತಿನ್ನುವ ಜನಕ್ಕೆ ಇಲ್ಲ. ಬೌಲಿಂಗ್ ಮನೆ ಹೋದಾಗ ಒಬ್ಬಳೇ ಕೂತು ಅತ್ತವಳು ನಾನು. ಗುಂಡಿಯೂ ಹೋದರೆ ವೆರ್ನಾ ತನ್ನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ ಟೀವಿ ನೋಡುತ್ತಾ ಸಾಯಬೇಕು. ಅದಕ್ಕೆ ನಾನು ತಯಾರಿಲ್ಲ.

ಅಂದೇ ಇನೆಜ್ ಪ್ರೌಟಿಯವರ ಮನೆಗೆ ಹೋಗಿ ಕಂಬಳಿ ಹೊದ್ದ ಯಂತ್ರವನ್ನು ತಂದೆ. ಅವರು ಹಣ ಬೇಡವೆಂದರು, ಇನ್ನೊಂದು ಪೈ ಸಾಕಂತೆ. ಇದಕ್ಕಿಂತ ಅಗ್ಗದ ಪ್ರೆಸ್ಸನ್ನು ಈ ಜಿಲ್ಲೆಯಲ್ಲಿ ಯಾರಾದರೂ ಕೊಂಡಿದ್ದರೆ ತೋರಿಸಿ. ಇದೂ ನಿಧಾನ, ಒಮ್ಮೆಗೆ ಒಂದೇ ಹಾಳೆ, ಆದ್ದರಿಂದ ಪ್ರತಿ ಸಾಲಿನ ಮೇಲೂ ಕಣ್ಣಿಡಲು ಪುರುಸೊತ್ತು. ಈ ಪತ್ರವನ್ನು ಅದರಲ್ಲೇ ಅಚ್ಚು ಹಾಕಿದ್ದೇವೆ. ಇದು ತಮ್ಮ ಕೈ ಸೇರುವಷ್ಟರಲ್ಲಿ ವೆರ್ನಾ ತನ್ನ ಹಳೆಯ ಬಸ್ಸಿನ ದಾರಿಯಲ್ಲೇ ಹೋಗಿ ಮನೆಮನೆಗೆ ಕೊಟ್ಟಿರುತ್ತಾಳೆ. ಮೊಳೆಗಳ ಪೆಟ್ಟಿಗೆಯಲ್ಲಿ ಉದ್ಗಾರ ಚಿಹ್ನೆ ಒಂದೂ ಉಳಿದಿಲ್ಲ. ಆದ್ದರಿಂದ ನನ್ನ ಸಿಟ್ಟನ್ನು ಪೂರ್ಣವಿರಾಮದಲ್ಲೇ ಓದಿಕೊಳ್ಳಬೇಕು.

ಅನುಮತಿ ಏಕೆ ಪಡೆಯಲಿಲ್ಲ ಎಂದು ಕೇಳುತ್ತೀರಿ. ತಮ್ಮ ಗುಮಾಸ್ತರನ್ನು ವಿಚಾರಿಸಿದೆ. ಮನೆಯಲ್ಲಿ ಮುದ್ರಣ ಯಂತ್ರ ಇಡಲು ಅನುಮತಿ ಬೇಕಾದರೆ ಮೊದಲು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಂತೆ. ಊರಿನಲ್ಲಿ ಅಚ್ಚಾಗುವ ಕಾಗದ ಈಗ ಇದೊಂದೇ. ಇದೋ, ಪ್ರಕಟಣೆ ಕೊಟ್ಟಿದ್ದೇನೆ.

ನನ್ನ ಬೇಡಿಕೆ ಇಷ್ಟು. ಮಂಗಳವಾರ ಬೆಳಗಿನ ಸಭೆಯನ್ನು ರದ್ದು ಮಾಡಿ, ಸಂಜೆ ಶಾಲೆಯ ಸಭಾಂಗಣದಲ್ಲಿ ಎಲ್ಲರ ಮುಂದೆ ನಡೆಸಿ. ಅದರ ಪ್ರಕಟಣೆಯನ್ನು ನನ್ನ ಗ್ಯಾರೇಜಿಗೆ ಕಳಿಸಿಕೊಡಿ, ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಅದು ಸಾಧ್ಯವಿಲ್ಲವೆಂದಾದರೆ ಇನ್ನೊಂದು ಕೆಂಪು ಚೀಟಿ ಹಿಡಿದುಕೊಂಡು ಬನ್ನಿ. ಶನಿವಾರ ಬಂದರೆ ಗ್ಯಾರೇಜಿನಲ್ಲೇ ಚಿಲಿಯೂ ಇರುತ್ತದೆ, ಊರಿನವರೂ ಇರುತ್ತಾರೆ. ಕಿಟಕಿಯಲ್ಲಿ ಇಣುಕುವ ಕಷ್ಟವೂ ಬೇಡ, ಬಾಗಿಲು ತೆರೆದಿಟ್ಟಿರುತ್ತೇನೆ. ಒಳಗೆ ಎರಡು ಪ್ರೆಸ್ ಇವೆ. ತಾವು ಹೆದರುವುದು ಯಾವುದಕ್ಕೆ ಎಂದು ಎಲ್ಲರೂ ನೋಡಲಿ, ಅದಕ್ಕೇ ಅಂಟಿಸಿ.

ಇಂತಿ,
ತಮ್ಮ ಕಡತದಲ್ಲಿ ಸುಳ್ಳೇ ಸಂಪಾದಕಿಯಾಗಿ, ಈಗ ನಿಜಕ್ಕೂ ಹಾಗಾಗಬೇಕಾಗಿ ಬಂದ,
ಬೌಲಿಂಗ್ ಮನೆಯ ಬೂಟಿನ ಹೆಂಗಸು
ಅರ್ಲಿಸ್ ಗುಂಡರ್ಸನ್